ಅಧ್ಯಕ್ಷರಿಗಿಂತ ಅರ್ಧ ಬೆರಳು ಮೇಲೆ

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ‘ಕಂಪ್ಯೂಟರ್ ಕೆಲಸ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ನಿಜ ಹೇಳಿದರೆ ಜನ ನಂಬುವುದಿಲ್ಲ. ನಂಬಿದವರು ಕನಿಕರ ಪಡುತ್ತಾರೆ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ, ನಾನು ಹೊಟ್ಟೆ ಹೊರೆಯುತ್ತಿರುವುದು ನೆರಳು ಹಾಕಿ. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ಊಟದ ಮೇಜಿನ ಒಂದು ಮೂಲೆ ಹಿಡಿದು ಕೂತು, ಬಟ್ಟೆ ಅಂಗಡಿ, ಹಲ್ಲಿನ ಡಾಕ್ಟರು, ಕಲ್ಯಾಣ ಮಂಟಪ ಹೀಗೆ ಬಂದವರಿಗೆಲ್ಲ ವೆಬ್‌ಸೈಟ್ ವಿನ್ಯಾಸ ಮಾಡಿಕೊಡುತ್ತೇನೆ. ಅದರಲ್ಲಿ ಅಕ್ಷರ, ಬಣ್ಣ, ಚಿತ್ರ ಎಲ್ಲ ಬೇಗ ಮುಗಿಯುತ್ತದೆ. ಮಿಕ್ಕ ಹೊತ್ತೆಲ್ಲ ಹೋಗುವುದು ಅವುಗಳನ್ನು ಕೂರಿಸಿದ ಪೆಟ್ಟಿಗೆಗಳ ಕೆಳಗೆ ನೆರಳು ಹಾಕುವುದರಲ್ಲಿ. ನೀವು ಫೋನು ನೋಡುವಾಗ ಒಂದು ಚಿತ್ರವೋ ಬಟನ್ನೋ ಪುಟದಿಂದ ಸ್ವಲ್ಪ ಮೇಲೆದ್ದು ನಿಂತ ಹಾಗೆ ಕಾಣುತ್ತದಲ್ಲ, ಅದು ಎದ್ದಿರುವುದಿಲ್ಲ. ಅಲ್ಲಿರುವುದು ಚಪ್ಪಟೆ ಗಾಜು. ನನ್ನಂಥವಳೊಬ್ಬಳು ಎಲ್ಲೋ ಕೂತು ಅದರ ಬುಡಕ್ಕೆ ತೆಳ್ಳಗೆ ಕಪ್ಪು ಸವರಿರುತ್ತಾಳೆ, ಅಷ್ಟೆ.

ಸಿಎಸ್‌ಎಸ್ ಎಂಬ ಭಾಷೆಯಲ್ಲಿ ಇದಕ್ಕೆ ಒಂದು ಸಾಲು ಸಾಕು. ನೆರಳು ಎಷ್ಟು ಪಕ್ಕಕ್ಕೆ, ಎಷ್ಟು ಕೆಳಕ್ಕೆ, ಅಂಚು ಎಷ್ಟು ಮಸುಕು, ಎಷ್ಟು ಹರಡಬೇಕು, ಯಾವ ಬಣ್ಣ ಎಂದು ಐದು ಮಾತು ಬರೆದರೆ ಮುಗಿಯಿತು. ಸಾರಿಗೂ ಉಪ್ಪು, ಹುಳಿ, ಖಾರ ಎಂದು ಮೂರೇ ಮಾತು. ಹಾಗಂತ ಎಲ್ಲರ ಮನೆ ಸಾರೂ ಒಂದೇ ಥರ ಇರುತ್ತದೆಯೇ? ಹೊಸಬರು ಕಡುಗಪ್ಪು ಬಣ್ಣ ಸುರಿದುಬಿಡುತ್ತಾರೆ. ಆಗ ಪೆಟ್ಟಿಗೆ ತಳ ಹಿಡಿದ ದೋಸೆಯ ಹಾಗೆ ಕಾಣುತ್ತದೆ. ಮೆತ್ತಗಿನ ನೆರಳು ಬೇಕಾದರೆ ಕಪ್ಪನ್ನು ನೀರುಮಜ್ಜಿಗೆಯಷ್ಟು ತೆಳು ಮಾಡಿಕೊಂಡು ಒಂದರ ಮೇಲೊಂದು ಮೂರು ಪದರ ಹಾಕಬೇಕು. ಮೊದಲನೆಯದು ಪೆಟ್ಟಿಗೆಗೆ ಅಂಟಿಕೊಂಡ ಹಾಗೆ, ಎರಡನೆಯದು ಸ್ವಲ್ಪ ಕೆಳಗೆ, ಮೂರನೆಯದು ದೂರ ಹರಡಿ ಎಲ್ಲಿ ಮುಗಿಯಿತೆಂದೇ ಗೊತ್ತಾಗದ ಹಾಗೆ. ಇಷ್ಟೆಲ್ಲ ಒದ್ದಾಡಿದ ಮೇಲೆ ಅದು ಯಾರ ಕಣ್ಣಿಗೂ ಬೀಳಬಾರದು. ‘ಪುಟ ಚೆನ್ನಾಗಿದೆ’ ಎಂದರೆ ಗೆದ್ದೆ, ‘ನೆರಳು ಚೆನ್ನಾಗಿದೆ’ ಎಂದರೆ ಸೋತೆ. ಇಂಥ ಕೆಲಸವನ್ನು ಸಂಬಂಧಿಕರಿಗೆ ವಿವರಿಸುವುದು ಹೇಗೆ ನೀವೇ ಹೇಳಿ.

ನನ್ನ ಅತ್ತೆಯ ಕಣ್ಣಿಗೆ ಮಾತ್ರ ಅದು ಬೀಳುತ್ತದೆ. ಆ ಕಡೆಯಿಂದ ಈ ಕಡೆ ಹೋಗುವಾಗೆಲ್ಲ ನನ್ನ ಪರದೆಯನ್ನು ಬಗ್ಗಿ ನೋಡಿ, “ಇಲ್ಲಿ ಧೂಳು ಕೂತಿದೆ ನೋಡೇ” ಎಂದು ಸೆರಗಿನ ತುದಿಯಿಂದ ಒರೆಸುತ್ತಾರೆ. ಹೋಗದಿದ್ದರೆ ಸೆರಗಿಗೆ ಸ್ವಲ್ಪ ನೀರು ಮುಟ್ಟಿಸಿಕೊಂಡು ಮತ್ತೆ ಒರೆಸುತ್ತಾರೆ. ಅದು ಧೂಳಲ್ಲ, ನಾನೇ ಹಾಕಿದ್ದು ಎಂದು ಮೊದಮೊದಲು ಹೇಳಿದೆ. “ಹಾಕೋದ್ಯಾಕೆ?” ಎಂದರು. ಅಂದಿನಿಂದ ಅವರು ಒರೆಸಲು ಬಂದರೆ ಕುರ್ಚಿ ಸರಿಸಿ ಜಾಗ ಬಿಡುತ್ತೇನೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ನನ್ನ ಗಂಡನ ದೂರು ಬೇರೆ. ಹೋದ ಬೇಸಿಗೆಯಲ್ಲಿ ತಾರಸಿಯ ಮೇಲೆ ಒಣಗಲು ಹಾಕಿದ್ದ ಹಪ್ಪಳ ತರಲು ನನ್ನನ್ನು ಕಳಿಸಿದ್ದರು. ಒಣಗಿ ಅಂಚು ಮುದುರಿದ ಹಪ್ಪಳಗಳು ಸಂಜೆ ಬಿಸಿಲಿಗೆ ಹಳೆ ಪಂಚೆಯ ಮೇಲೆ ಬಿಟ್ಟ ನೆರಳು ಎಷ್ಟು ಸೊಗಸಾಗಿತ್ತೆಂದರೆ, ಪಕ್ಕಕ್ಕೆ ನಾಲ್ಕು, ಕೆಳಕ್ಕೆ ಎರಡು ಎಂದು ಲೆಕ್ಕ ಹಾಕುತ್ತಾ ನಿಂತುಬಿಟ್ಟೆ. ಅಷ್ಟರಲ್ಲಿ ಆ ಮೂಲೆಯಿಂದ ಕಾಗೆ ಬಂದು ಮೂರು ಹಪ್ಪಳ ಎತ್ತಿಕೊಂಡು ಹೋಯಿತು. “ಹಪ್ಪಳ ತಾ ಅಂದ್ರೆ ಹಪ್ಪಳದ ನೆರಳು ನೋಡ್ತಾ ನಿಂತಿದೀಯಲ್ಲ ಮಾರಾಯ್ತಿ” ಎಂದು ಅವರು ಹಣೆ ಚಚ್ಚಿಕೊಂಡರು. ಆ ಮಾತನ್ನು ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾರೆ.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಇಂಥ ಕಣ್ಣಿಗೆ ಕಾಣದ ನೆರಳಿನಿಂದ ನಾನು ಭದ್ರಾವತಿಯಲ್ಲಿ ನಲವತ್ತು ವರ್ಷದ ಸ್ನೇಹವೊಂದನ್ನು ಮುರಿಯುವುದರಲ್ಲಿದ್ದೆ. ನನ್ನ ತವರು ಭದ್ರಾವತಿ. ಅಪ್ಪ ಅಲ್ಲಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಈಗ ನಿವೃತ್ತ ಗೆಳೆಯರದ್ದೊಂದು ಬಳಗ ಕಟ್ಟಿಕೊಂಡು ಅದಕ್ಕೆ ಕಾರ್ಯದರ್ಶಿಯಾಗಿದ್ದಾರೆ. ಬಳಗದ ಅಧ್ಯಕ್ಷರು ನಂಜುಂಡಪ್ಪನವರು, ಉಪಾಧ್ಯಕ್ಷರು ಸೆಲ್ವರಾಜ್. ಮೂವರೂ ಒಂದೇ ವಿಭಾಗದಲ್ಲಿ, ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವಲ್ಲಿ, ಒಂದೇ ಪಾಳಿಯಲ್ಲಿ ಬೆವರು ಸುರಿಸಿದವರು. ಈಗಲೂ ದಿನಾ ಸಂಜೆ ಐದಕ್ಕೆ ಬಳಗದ ಕಟ್ಟಡದ ಮುಂದಿರುವ ಸಿಮೆಂಟು ಬೆಂಚಿನ ಮೇಲೆ ಆ ತುದಿಗೆ ನಂಜುಂಡಪ್ಪ, ಈ ತುದಿಗೆ ಸೆಲ್ವರಾಜ್, ನಡುವೆ ಅಪ್ಪ ಕೂರಬೇಕು. ಅಮ್ಮ ತೀರಿಕೊಂಡ ಮೇಲೆ ಅಪ್ಪನ ದಿನ ನಿಂತಿರುವುದೇ ಆ ಬೆಂಚಿನ ಮೇಲೆ. ಫೋನು ಮಾಡಿದಾಗ ಊಟ ಆಯ್ತಾ ಎಂದು ಕೇಳುವುದನ್ನು ಬಿಟ್ಟು ‘ಬೆಂಚು ಆಯ್ತಾ’ ಎಂದು ಕೇಳುವ ಅಭ್ಯಾಸ ನನಗಾಗಿದೆ.

ಇಂಥ ಬಳಗಕ್ಕೆ ವೆಬ್‌ಸೈಟು ಯಾಕೆ ಬೇಕಾಯಿತೆಂದರೆ, ಶಿವಮೊಗ್ಗದ ಇನ್ಯಾವುದೋ ನಿವೃತ್ತರ ಸಂಘ ಮಾಡಿಸಿಕೊಂಡಿತ್ತು. “ಅವ್ರಿಗೇ ಇದೆ, ನಮಗಿಲ್ವಾ? ನನ್ನ ಮಗಳೇ ಮಾಡ್ತಾಳೆ” ಎಂದು ಅಪ್ಪ ಸಭೆಯಲ್ಲಿ ಎದೆ ತಟ್ಟಿ ಹೇಳಿಬಿಟ್ಟಿದ್ದರು. ನನ್ನ ಕೆಲಸ ಏನೆಂದು ಅವರಿಗೂ ಗೊತ್ತಿಲ್ಲ, ಆದರೂ ಎದೆ ತಟ್ಟಿದರಲ್ಲ ಎಂದು ನನಗೆ ಖುಷಿಯಾಯಿತು. ಪದಾಧಿಕಾರಿಗಳು ಹನ್ನೊಂದು ಜನ. ಫೋಟೋ ಕಳಿಸಿ ಎಂದೆ. ಒಬ್ಬರು ಪಾಸ್‌ಪೋರ್ಟ್ ಅಳತೆಯದು ಕಳಿಸಿದರು, ಒಬ್ಬರು ಮಗನ ಮದುವೆಯ ಆಲ್ಬಮ್ಮಿನಿಂದ ಕತ್ತರಿಸಿದ್ದು, ಅದರಲ್ಲಿ ಬೀಗರ ಕೈ ಇನ್ನೂ ಹೆಗಲ ಮೇಲಿತ್ತು. ಎಲ್ಲವನ್ನೂ ಒಂದೇ ಅಳತೆಗೆ ತಂದು, ಹನ್ನೊಂದು ಪೆಟ್ಟಿಗೆ ಮಾಡಿ, ಪ್ರತಿಯೊಂದಕ್ಕೂ ನನ್ನ ಜೀವಮಾನದ ಅತಿ ಮೃದುವಾದ ನೆರಳು ಹಾಕಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ತವರಿನ ಕೆಲಸ, ಸ್ವಲ್ಪ ಜಾಸ್ತಿ ಚೆನ್ನಾಗಿರಲಿ ಎಂದು ಇನ್ನೊಂದು ಸಾಲು ಸೇರಿಸಿದೆ: ಮೌಸಿನ ಬಾಣ ಯಾರ ಪೆಟ್ಟಿಗೆಯ ಮೇಲೆ ಬರುತ್ತದೋ ಆ ಪೆಟ್ಟಿಗೆ ಅರ್ಧ ಬೆರಳಷ್ಟು ಮೇಲೇಳಬೇಕು, ಅದರ ನೆರಳು ದಟ್ಟವಾಗಿ ಹರಡಬೇಕು, ಬಾಣ ಸರಿದರೆ ಮೆಲ್ಲಗೆ ಕೂರಬೇಕು.

ಉದ್ಘಾಟನೆ ಒಂದು ಭಾನುವಾರ ಬೆಳಿಗ್ಗೆ. ಬಸ್ಸು ಹತ್ತಿ ನಾನೂ ಹೋಗಿದ್ದೆ. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಪುಟ ಬಿತ್ತು, ಚಪ್ಪಾಳೆ ಬಿತ್ತು. ಇಸ್ತ್ರಿ ಶರ್ಟು ಹಾಕಿಕೊಂಡಿದ್ದ ಅಪ್ಪ ಮೌಸು ಹಿಡಿದು ಒಂದೊಂದೇ ಪುಟ ತೋರಿಸಿ, ಕೊನೆಗೆ ಪದಾಧಿಕಾರಿಗಳ ಪುಟಕ್ಕೆ ಬಂದು, “ಈಗ ಅಧ್ಯಕ್ಷರಿಂದ ಎರಡು ಮಾತು” ಎಂದು ಮೌಸು ಬಿಟ್ಟು ಕೈಕಟ್ಟಿ ಕೂತರು. ಬಾಣ ನಿಂತದ್ದು ಸೆಲ್ವರಾಜ್ ಅವರ ಪೆಟ್ಟಿಗೆಯ ಮೇಲೆ. ಅಧ್ಯಕ್ಷರ ಎರಡು ಮಾತು ಇಪ್ಪತ್ತು ನಿಮಿಷವಾಯಿತು. ಅಷ್ಟು ಹೊತ್ತೂ ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಹತ್ತು ಜನ ತೆಪ್ಪಗೆ ಕೂತಿದ್ದರು, ಸೆಲ್ವರಾಜ್ ಒಬ್ಬರೇ ದಟ್ಟ ನೆರಳು ಬೀರುತ್ತಾ ಎದ್ದು ನಿಂತಿದ್ದರು. ಮುಂದಿನ ಸಾಲಿನಲ್ಲಿ ಯಾರೋ, “ಮುಂದಿನ ಅಧ್ಯಕ್ಷರು ಯಾರು ಅಂತ ಈಗ್ಲೇ ಗೊತ್ತಾಯ್ತು ಬಿಡ್ರೀ” ಎಂದು ನಕ್ಕರು. ನಂಜುಂಡಪ್ಪನವರು ಹಿಂದೆ ತಿರುಗಿ ನೋಡಿದರು. ಭಾಷಣ ಅರ್ಧಕ್ಕೇ ನಿಂತಿತು. ಆಮೇಲೆ ಅವರು ಉಪ್ಪಿಟ್ಟು ಮುಟ್ಟಲಿಲ್ಲ, ಕಾಫಿ ಕುಡಿಯದೆ ಹೋದರು. ನಮ್ಮ ಕಡೆ ಕಾಫಿ ಕುಡಿಯದೆ ಹೋಗುವುದೆಂದರೆ ಲಾಯರ್ ನೋಟಿಸು ಕೊಟ್ಟ ಹಾಗೆ.

ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಜಗಳವಾಗುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿದ್ದೇನೆ. ಶಾಲು ಮೊದಲು ಯಾರಿಗೆ, ಹಾರ ದಪ್ಪ ಯಾರದು ಎಂದು ಮಾತು ಬಿಟ್ಟವರನ್ನೂ ಬಲ್ಲೆ. ನೆರಳಿಗೂ ಅದೇ ಕಾನೂನು ಅನ್ವಯಿಸುತ್ತದೆಂದು ಮಾತ್ರ ನನಗೆ ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ನಂಜುಂಡಪ್ಪನವರ ಫೋನು ಬಂತು.

“ನಂಗೇನೂ ನೆರಳು ಬೇಕಾಗಿಲ್ಲಮ್ಮ. ನಾನು ಕೇಳೋನೂ ಅಲ್ಲ. ಆದ್ರೆ ಅವನಿಗೆ ಯಾಕೆ ಜಾಸ್ತಿ?”

“ಅಂಕಲ್, ಜಾಸ್ತಿ ಏನಿಲ್ಲ. ಎಲ್ರಿಗೂ ಒಂದೇ. ಮೌಸು ಅವ್ರ ಮೇಲಿತ್ತು, ಅದಕ್ಕೆ ಎದ್ರು.”

“ನಾನು ಈಗ ಫೋನಲ್ಲಿ ನೋಡ್ತಿದೀನಿ. ಇಲ್ಲಿ ಮೌಸು ಎಲ್ಲಿದೆ? ಈಗ್ಲೂ ಎದ್ದು ನಿಂತಿದಾನಲ್ಲ.”

“ನೀವು ಅವ್ರ ಫೋಟೋ ಮುಟ್ಟಿದ್ರಾ?”

“ಎದ್ದಿದಾನೋ ಇಲ್ವೋ ನೋಡೋಕೆ ಮುಟ್ದೆ.”

ಫೋನಿನಲ್ಲಿ ಬೆರಳೇ ಮೌಸು. ಮುಟ್ಟಿದ ಪೆಟ್ಟಿಗೆ ಏಳುತ್ತದೆ, ಬೇರೆಲ್ಲಾದರೂ ಮುಟ್ಟುವವರೆಗೆ ಎದ್ದೇ ಇರುತ್ತದೆ. ಅಧ್ಯಕ್ಷರು ಹಿಂದಿನ ದಿನದಿಂದ ಹತ್ತು ಸಲ ಪುಟ ತೆರೆದು, ಉಪಾಧ್ಯಕ್ಷರನ್ನು ತಾವೇ ಎಬ್ಬಿಸಿ, ಎದ್ದಿದ್ದಾನೆಂದು ಉರಿದುಕೊಳ್ಳುತ್ತಿದ್ದರು. ಹಾಗಾದರೆ ನಿಮ್ಮ ಫೋಟೋ ಮುಟ್ಟಿ ನೋಡಿ ಅಂಕಲ್, ನೀವೂ ಏಳುತ್ತೀರಿ ಎಂದೆ. “ನನ್ನನ್ನ ನಾನೇ ಎತ್ಕೊಳ್ಳೋದಾ? ಚೆನ್ನಾಗಿರುತ್ತಾ ಅದು?” ಎಂದರು. ಮಾತು ನ್ಯಾಯವಾದದ್ದೇ. ಹಾರವನ್ನು ಯಾರೂ ತಾವೇ ಹಾಕಿಕೊಳ್ಳುವುದಿಲ್ಲವಲ್ಲ.

ಯಾಕೆ ಗೋಜು ಎಂದು ನಾನು ಆ ದಿನವೇ ಎಲ್ಲರ ನೆರಳನ್ನೂ ಕಿತ್ತುಹಾಕಿದೆ. ಸಂಜೆಯೊಳಗೆ ಮಿಕ್ಕವರ ಮನೆಗಳಿಂದ ಫೋನು ಶುರುವಾಯಿತು. ನೆರಳಿಲ್ಲದೆ, ಚಪ್ಪಟೆಯಾಗಿ, ಬಿಳಿ ಹಿನ್ನೆಲೆಯಲ್ಲಿ ಸಾಲಾಗಿ ಹನ್ನೊಂದು ವಯಸ್ಸಾದವರ ಮುಖಗಳು, ಕೆಳಗೆ ಹೆಸರು. ಒಬ್ಬರ ಹೆಂಡತಿ ನೇರವಾಗಿಯೇ ಹೇಳಿದರು: “ಸರ್ಕಲ್‌ನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಹಾಕ್ತಾರಲ್ಲ, ಹಂಗೇ ಇದೆ ಕಣಮ್ಮ. ಬಿಪಿ ಇರೋರು ಇವ್ರು. ಮೊದಲು ತೆಗಿ.” ನಾನು ತಕ್ಷಣ ನೆರಳು ವಾಪಸು ಹಾಕಿದೆ. ಹಾಕುವಾಗ ಬುದ್ಧಿ ಕೆಟ್ಟು, ಹಿರಿಯರಿಗೆ ಸಮಾಧಾನವಾಗಲಿ ಎಂದು ಅಧ್ಯಕ್ಷರ ಪೆಟ್ಟಿಗೆಯನ್ನು ಮಾತ್ರ ಯಾರು ಮುಟ್ಟಲಿ ಬಿಡಲಿ ಸದಾ ಮೇಲೆದ್ದಿರುವ ಹಾಗೆ ಮಾಡಿದೆ. ಮಾರನೆಯ ದಿನ ನಂಜುಂಡಪ್ಪನವರ ಹೆಂಡತಿಯ ಫೋನು. “ಇವ್ರೊಬ್ರ ಸುತ್ತ ಮಾತ್ರ ಕಪ್ಪು ಕವ್ಕೊಂಡಿದೆಯಲ್ಲಮ್ಮ, ಗ್ರಹಣ ಹಿಡಿದಂಗೆ. ಮೊದ್ಲೇ ಮನೇಲಿ ಯಾರ ಹತ್ರಾನೂ ಮಾತಾಡ್ತಿಲ್ಲ. ಪೂಜೆ ಏನಾದ್ರೂ ಮಾಡಿಸ್ಬೇಕಾ?” ಎಂದು ಕೇಳಿದರು. ಸಿಎಸ್‌ಎಸ್‌ಗೆ ಶಾಂತಿ ಮಾಡಿಸುವ ಪುರೋಹಿತರು ಸಿಕ್ಕರೆ ನನಗೂ ಬೇಕಾಗಿತ್ತು. ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂತೆ.

ಈ ತಮಾಷೆಯೆಲ್ಲ ಇಳಿದದ್ದು ಆ ವಾರದ ಕೊನೆಗೆ ಅಪ್ಪನ ಫೋನು ಬಂದಾಗ. ಬೆಂಚು ಆಯ್ತಾ ಎಂದು ಅಭ್ಯಾಸದಂತೆ ಕೇಳಿದೆ. “ಆಯ್ತು. ಒಬ್ನೇ ಕೂತಿದ್ದೆ” ಎಂದರು. ಕಾಫಿ ಕುಡಿಯದೆ ಹೋದ ದಿನ ನಂಜುಂಡಪ್ಪನವರು ಬಾಗಿಲಲ್ಲಿ, “ಹುಡುಗಿಗೇನು ಗೊತ್ತು, ಸೆಲ್ವರಾಜನೇ ಹೇಳಿ ಮಾಡಿಸಿರ್ತಾನೆ” ಎಂದಿದ್ದರಂತೆ. ಅದು ಸೆಲ್ವರಾಜ್ ಅವರ ಕಿವಿಗೆ ಬಿತ್ತು. ಅಂದಿನಿಂದ ಇಬ್ಬರೂ ಬೆಂಚಿನ ಕಡೆ ಬಂದಿಲ್ಲ. “ಒಂದು ವಾರ ಆಯ್ತು ಕಣೇ. ಅಭ್ಯಾಸ ನೋಡು, ಯಾರೂ ಇಲ್ದಿದ್ರೂ ನಾನು ನಡುವೇನೇ ಕೂತ್ಕೋತೀನಿ” ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಅಮ್ಮ ಹೋದಾಗಲೂ ಬಂದವರ ಮುಂದೆ ಅವರು ಹೀಗೇ ನಕ್ಕಿದ್ದರು. ನಾನು ಹಾಕಿದ ಮೂರು ಪದರದ ನೆರಳು ಅಪ್ಪನ ಸಂಜೆಯನ್ನು ನುಂಗಿಹಾಕಿತ್ತು. ಮಾರನೆಯ ದಿನ ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ ಭದ್ರಾವತಿ ಬಸ್ಸು ಹತ್ತಿದೆ.

ಮೊದಲು ಹೋದದ್ದು ಸೆಲ್ವರಾಜ್ ಅವರ ಮನೆಗೆ. “ವಾಮ್ಮಾ, ಬಾ ಬಾ. ಊಟ ಆಯ್ತಾ?” ಎಂದು ಎಂದಿನಂತೆಯೇ ಕರೆದರು. ಆದರೆ ಕೂತ ಮೇಲೆ ಮುಖ ಸಣ್ಣದಾಯಿತು. “ನಂಗೆ ಎದ್ದು ನಿಲ್ಲೋಕೆ ಮೊಣಕಾಲೇ ಬಿಡಲ್ಲಮ್ಮಾ. ನಾನ್ಯಾಕೆ ಅವನ ಮೇಲೆ ನಿಲ್ಲಲಿ? ಅಷ್ಟು ವರ್ಷ ಜೊತೇಲಿದ್ದು ಹಂಗಂದ್ಬಿಟ್ನಲ್ಲ” ಎಂದರು. ನಾನು ತಪ್ಪು ನನ್ನದೆಂದು ಹೇಳಿ, ಲ್ಯಾಪ್‌ಟಾಪ್ ತೆರೆದು ಅವರ ಮುಂದಿಟ್ಟೆ. ಅವರು ಆ ಪುಟವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಬಾಣವನ್ನು ಅವರ ಫೋಟೋ ಮೇಲೆ ತಂದೆ, ಎದ್ದಿತು. ಸರಿಸಿದೆ, ಕೂತಿತು. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. ಇನ್ನೊಂದು ಸಲ ಮಾಡು ಎಂದರು. ಮಾಡಿದೆ. ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಅಯ್ಯೋ, ಇದು ಟೀ ತರೋಕೆ ಎದ್ದಿರೋದಲ್ವಾ!”

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಕಾರ್ಖಾನೆಯಲ್ಲಿ ಅವರ ಗುಂಪಿಗೊಂದು ಕಟ್ಟಳೆ ಇತ್ತಂತೆ. ಟೀ ಹೊತ್ತಿಗೆ ಯಾರು ಮೊದಲು ಎದ್ದು ನಿಲ್ಲುತ್ತಾರೋ ಅವರೇ ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಟೀ ತರಬೇಕು. ಹಾಗಾಗಿ ಆ ಹೊತ್ತು ಹತ್ತಿರ ಬಂದರೆ ಬೆನ್ನು ಕಡಿದರೂ ಯಾರೂ ಅಲುಗುತ್ತಿರಲಿಲ್ಲ. ಎಲ್ಲರೂ ಅಚ್ಚಿನಲ್ಲಿ ಹೊಯ್ದ ಹಾಗೆ ಕೂತಿರುತ್ತಿದ್ದರು. ಸೆಲ್ವರಾಜ್ ಅವರಿಗೆ ಟೀ ತಡವಾದರೆ ತಲೆನೋವು ಬರುತ್ತಿತ್ತು, ಅದಕ್ಕೇ ಸೋತು ಏಳುತ್ತಿದ್ದವರು ಅವರೇ. “ನಂಜುಂಡ ಇದಾನಲ್ಲ, ರಿಟೈರ್ ಆಗೋ ತನಕ ಒಂದಿನಾನೂ ಎದ್ದೋನಲ್ಲಮ್ಮಾ. ಈಗ ಕಂಪ್ಯೂಟರಲ್ಲೂ ನಾನೇ ಎದ್ದಿದೀನಿ, ಅವ್ನು ಕೂತೇ ಇದಾನೆ. ಅದಕ್ಕೆ ಕೋಪ ಬೇರೆ ಮಾಡ್ಕೊಂಡಿದಾನಾ?” ಎಂದು ಕಣ್ಣೊರೆಸಿಕೊಂಡರು. ನಕ್ಕು ಬಂದ ನೀರೋ ಬೇರೆಯೋ ನಾನು ಕೇಳಲಿಲ್ಲ.

ಸಂಜೆ ಐದಕ್ಕೆ ಅಪ್ಪ ಸಭೆಯ ನೆಪ ಹೇಳಿ ನಂಜುಂಡಪ್ಪನವರನ್ನು ಬೆಂಚಿಗೆ ಕರೆಸಿದರು. ಅವರು ಬಂದು ತಮ್ಮ ತುದಿಯಲ್ಲಿ ಬಿಗಿಯಾಗಿ ಕೂತರು. ನಾನು ಪುಟ ತೋರಿಸಿ, ಸೆಲ್ವರಾಜ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ, ತಲೆನೋವಿನ ಸಮೇತ. ಅವರು ನಗಲಿಲ್ಲ. ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟರು. ಇದ್ದ ಒಬ್ಬರನ್ನೂ ಓಡಿಸಿದೆಯಲ್ಲ ಎನ್ನುವ ಹಾಗೆ ಅಪ್ಪ ನನ್ನ ಮುಖ ನೋಡಿದರು. ಆ ಹೊತ್ತಿಗೆ ಸರಿಯಾಗಿ, ನಾನು ಬರಹೇಳಿದ್ದ ಸೆಲ್ವರಾಜ್ ಮೊಣಕಾಲು ಹಿಡಿದುಕೊಂಡು ಬಂದು ಈ ತುದಿಯಲ್ಲಿ ಕೂತರು. ಆ ತುದಿ ಖಾಲಿ ಇರುವುದನ್ನು ನೋಡಿ ಮತ್ತೆ ಮೊಣಕಾಲು ನೀವಿಕೊಂಡರು. ಹಾಗೆ ಎಷ್ಟು ಹೊತ್ತು ಕೂತಿದ್ದೆವೋ, ರಸ್ತೆಯ ತಿರುವಿನಲ್ಲಿ ನಂಜುಂಡಪ್ಪನವರು ಕಾಣಿಸಿದರು. ಎರಡೂ ಕೈಯಲ್ಲಿ ಒಂದು ರಟ್ಟು ಹಿಡಿದಿದ್ದರು. ಅದರ ಮೇಲೆ ನಾಲ್ಕು ಪೇಪರ್ ಕಪ್ಪು. ಅಭ್ಯಾಸವಿಲ್ಲದ ಕೈ, ಹೆಜ್ಜೆಗೊಮ್ಮೆ ತುಳುಕಿ ಟೀ ರಟ್ಟಿಗೂ ಅಂಗಿಯ ತೋಳಿಗೂ ಹಂಚಿಹೋಗಿತ್ತು. ಬಂದವರು ಮೊದಲ ಕಪ್ಪನ್ನು ಸೆಲ್ವರಾಜ್ ಮುಂದೆ ಹಿಡಿದರು.

“ತಗೋ. ಎದ್ದೋನು ತರ್ಬೇಕಲ್ಲ.”

ಸೆಲ್ವರಾಜ್ ಒಂದು ಗುಟುಕು ಕುಡಿದು, “ಸಕ್ರೆ ಜಾಸ್ತಿ ಆಯ್ತು” ಎಂದರು.

“ಮೊದಲ್ನೇ ಸಲ ತಂದಿದೀನಿ. ಸುಮ್ನೆ ಕುಡಿಯೋ ಮಾರಾಯ.”

ನಂಜುಂಡಪ್ಪನವರು ತಮ್ಮ ತುದಿಯಲ್ಲಿ ಕೂತರು. ಅಪ್ಪ ನಡುವೆ ಕಪ್ಪು ಹಿಡಿದುಕೊಂಡು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡುತ್ತಿದ್ದರು. ನಾನು ಟೀ ಬಿಸಿಯಿದೆ ಎಂದು ನೆಪ ಹೇಳಿ ಆ ಕಡೆ ತಿರುಗಿಕೊಂಡೆ. ಹೊರಡುವಾಗ ನಂಜುಂಡಪ್ಪನವರು ನನ್ನನ್ನು ಹತ್ತಿರ ಕರೆದು ಗುಟ್ಟಾಗಿ ಹೇಳಿದರು: “ನನ್ನ ಫೋಟೋ ಮಾತ್ರ ಯಾರು ಎಷ್ಟು ಮುಟ್ಟಿದ್ರೂ ಏಳ್ಬಾರ್ದು, ಹಂಗೆ ಮಾಡು. ಒಂದ್ಸಲ ಎದ್ದಿದ್ದೇ ಸಾಕು.” ಅಧ್ಯಕ್ಷರ ಆಜ್ಞೆ. ಒಂದು ಸಾಲು ಬರೆದು ಪಾಲಿಸಿದ್ದೇನೆ. ಈಗ ಆ ಪುಟದಲ್ಲಿ ಹತ್ತು ಜನ ಮುಟ್ಟಿದರೆ ಏಳುತ್ತಾರೆ, ಒಬ್ಬರು ಮಾತ್ರ ಜಪ್ಪಯ್ಯ ಅಂದರೂ ಏಳುವುದಿಲ್ಲ.

ಇದನ್ನು ಮೊದಲು ಪತ್ತೆ ಹಚ್ಚಿದವರು ನನ್ನ ಅತ್ತೆ. ಮೊನ್ನೆ ಮಧ್ಯಾಹ್ನ ಪರದೆ ಒರೆಸಲು ಬಂದವರು ಸೆರಗು ಕೈಯಲ್ಲಿ ಹಿಡಿದೇ ನಿಂತು, ನಾನು ಬಾಣ ಆಡಿಸುವುದನ್ನು ನೋಡಿ, “ಎಲ್ರೂ ಏಳ್ತಾರೆ, ಈ ಯಜಮಾನ್ರು ಒಬ್ರು ಯಾಕೆ ಏಳಲ್ಲ?” ಎಂದು ಕೇಳಿದರು. ನನ್ನ ನೆರಳಿನ ಬಗ್ಗೆ ಈ ಮನೆಯಲ್ಲಿ ಹುಟ್ಟಿದ ಮೊದಲ ಕುತೂಹಲ ಅದು. ನನಗೆ ಆಕಾಶ ಮೂರೇ ಗೇಣು ಉಳಿಯಿತು. ಕಾಲೇಜಿನಿಂದ ಆಗ ತಾನೇ ಬಂದಿದ್ದ ಗಂಡನನ್ನೂ ಕೂರಿಸಿಕೊಂಡು, ಪ್ರೊಜೆಕ್ಟರಿನಿಂದ ಹಿಡಿದು ಪೇಪರ್ ಕಪ್ಪಿನವರೆಗೆ ಕತೆಯನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳಿದೆ. ಯಾರು ಮೊದಲು ಎದ್ದರೆ ಅವರೇ ಟೀ ತರಬೇಕೆಂಬ ಕಟ್ಟಳೆಯನ್ನಂತೂ ಎರಡು ಸಲ ಹೇಳಿದೆ. ಇಬ್ಬರೂ ಚೆನ್ನಾಗಿ ನಕ್ಕರು. ನಗು ಮುಗಿಯುವ ಹೊತ್ತಿಗೆ ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ, ನಮ್ಮ ಮನೆಯ ಟೀ ಹೊತ್ತು. ದಿನಾ ಈ ಹೊತ್ತಿಗೆ ಸೊಂಟ ಹಿಡಿದುಕೊಂಡು ತಾವೇ ಒಲೆಯ ಕಡೆ ನಡೆಯುತ್ತಿದ್ದ ಅತ್ತೆ ಗಡಿಯಾರ ನೋಡಿ, ಮಗನ ಮುಖ ನೋಡಿ, ಕುರ್ಚಿಗೆ ಇನ್ನಷ್ಟು ಒರಗಿಕೊಂಡರು. ಮಗ ಪೇಪರು ತೆಗೆದು ಮುಖಕ್ಕೆ ಅಡ್ಡ ಹಿಡಿದರು. ನಾನೂ ಹಟಕ್ಕೆ ಬಿದ್ದು ಅಲುಗದೆ ಕೂತೆ. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ನನಗೂ ಟೀ ತಡವಾದರೆ ತಲೆನೋವು ಬರುತ್ತದೆಂದು ಅವರಿಬ್ಬರಿಗೂ ಗೊತ್ತು. ಕೊನೆಗೆ ಎದ್ದೆ. “ನೋಡಿದ್ಯಾ, ಎದ್ದ ತಕ್ಷಣ ನೆಲದ ಮೇಲೆ ನೆರಳು ಎಷ್ಟು ಚೆನ್ನಾಗಿ ಬಿತ್ತು” ಎಂದರು ಅತ್ತೆ.